ಹಬ್ಬದ ದಿನ ಮಲಗಿಸಿದ ಮಷಿನ್

ಆಯುಧಪೂಜೆಯ ಹಿಂದಿನ ಸಂಜೆ ಚಿನ್ನಸ್ವಾಮಿ ಹುಲ್ಲು ಕತ್ತರಿಸುವ ಮಷಿನ್ನಿಗೆ ಕತ್ತಿನ ತನಕ ಆಯಿಲ್ ಸುರಿದ. ಹೊಸ ಡಬ್ಬಿ, ಜೇನುತುಪ್ಪದ ಬಣ್ಣದ ಆಯಿಲ್. ಅಳತೆ ಕಡ್ಡಿಯ ಮೇಲೆ ಎರಡು ಗೆರೆಗಳಿದ್ದವು. ಮೇಲಿನ ಗೆರೆ ಆಗಲೇ ಮುಳುಗಿಹೋಗಿತ್ತು. ಚಿಂದಿ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದ ಮಗಳು ಚಂದ್ರಲೇಖಾ, "ಅಪ್ಪಾ, ಗೆರೆ ದಾಟ್ತು" ಎಂದಳು.

"ವರ್ಸೆಲ್ಲಾ ದುಡ್ದೈತೆ. ಹಬ್ಬದ ದಿನಾನಾದ್ರೂ ಹೊಟ್ಟೆ ತುಂಬಾ ಕುಡೀಲಿ ಬಿಡು," ಎಂದ ಚಿನ್ನಸ್ವಾಮಿ, ಡಬ್ಬಿಯನ್ನು ಕೊನೆಯ ಹನಿಯವರೆಗೆ ಬಗ್ಗಿಸುತ್ತಾ.

ಮತ್ತಿಗಿರಿಯ ಆ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆ ಮಷಿನ್ನಿನಿಂದ. ನಾಲ್ಕು ಚಕ್ರ, ಮೇಲೆ ಪುಟ್ಟ ಪೆಟ್ರೋಲ್ ಇಂಜಿನ್, ಅಡಿಯಲ್ಲಿ ಒಂದು ಮೊಳದ ಬ್ಲೇಡು, ತಳ್ಳಲು ಉದ್ದನೆಯ ಹಿಡಿ. ಹಗ್ಗ ಎಳೆದರೆ ಶುರುವಾಗುತ್ತಿತ್ತು. ಹೋದ ವರ್ಷ ಹಬ್ಬ ಕಳೆದ ಮೇಲೆ ಯಾರೋ ಬಳಸಿ ಬಿಟ್ಟದ್ದನ್ನು ಚಿನ್ನಸ್ವಾಮಿ ತಂದಿದ್ದ. ಅದನ್ನು ತೋರಿಸಿಯೇ ಊರಾಚೆಯ ವಿಲ್ಲಾ ಲೇಔಟಿನ ಹುಲ್ಲುಹಾಸಿನ ಕೆಲಸ ಹಿಡಿದಿದ್ದ. ಮಗ ಚಿರಂಜೀವಿ ಹೊಸೂರಿನ ಒಂದು ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದ. ಅವನ ಸಂಬಳ ಅವನ ಬೈಕಿಗೂ ಫೋನಿಗೂ ಸರಿಹೋಗುತ್ತಿತ್ತು. ಚಂದ್ರಲೇಖಾ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಪ್ಪ ಮಷಿನ್ ತಳ್ಳಿದರೆ ಅವಳು ಹಿಂದೆ ಹಿಂದೆ ಹುಲ್ಲು ಗುಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಮಾತು ಕಡಿಮೆ. ಆದರೆ ಅವಳಿಗೆ ಗೊತ್ತಾಗದ ಹಾಗೆ ಆ ಮನೆಯಲ್ಲಿ ಒಂದು ಲೋಟವೂ ಜಾಗ ಬದಲಿಸುತ್ತಿರಲಿಲ್ಲ.

ಹಬ್ಬದ ಬೆಳಿಗ್ಗೆ ಚಿನ್ನಸ್ವಾಮಿಯ ಹೆಂಡತಿ ಅಕ್ಕಯಮ್ಮ ಒಳಗಿನಿಂದಲೇ ಕೂಗಿದಳು: "ಸುಷ್ಮಾ, ಮಷಿನ್ನ ಚೆನ್ನಾಗಿ ತೊಳಿ. ಒಂದೆಳೆ ಹುಲ್ಲು ಇರ್ಬಾರ್ದು."

ಸುಷ್ಮಾ ಚಿರಂಜೀವಿಯ ಹೆಂಡತಿ, ಕಾಡಂಚಿನ ಜವಳಗಿರಿಯ ಹುಡುಗಿ. ಮದುವೆಯಾಗಿ ಎರಡು ವರ್ಷ. ಅವಳು ಇಂಜಿನ್ನಿಗೆ ದೊಡ್ಡ ಪ್ಲಾಸ್ಟಿಕ್ ಕವರ್ ಸುತ್ತಿ, ದಾರ ಬಿಗಿದು, ಆಮೇಲೆ ನೀರಿನ ಪೈಪು ಹಿಡಿದಳು. ಹೊಸಿಲಿನ ಮೇಲೆ ಕೂತು ಮಾವಿನೆಲೆ ಪೋಣಿಸುತ್ತಿದ್ದ ಚಂದ್ರಲೇಖಾ ಅದನ್ನು ನೋಡಿದಳು.

ಆಯುಧ ಇಡುವಾಗ ಹರಿತದ ಬಾಯಿ ದೇವರ ಕಡೆಗಿರಬೇಕು ಎನ್ನುವುದು ಆ ಮನೆಯ ಪದ್ಧತಿ. ಚಿನ್ನಸ್ವಾಮಿಯ ಅಪ್ಪ ಕುಡುಗೋಲು, ಮಚ್ಚು, ಗುದ್ದಲಿ ಎಲ್ಲವನ್ನೂ ಹಾಗೇ ಇಡುತ್ತಿದ್ದ. ಈ ಮಷಿನ್ನಿಗೆ ಇದು ಮೊದಲ ಆಯುಧಪೂಜೆ, ಇದರ ಬಾಯಿ ಇದ್ದುದು ಹೊಟ್ಟೆಯ ಅಡಿಯಲ್ಲಿ. ಚಿನ್ನಸ್ವಾಮಿ ಸ್ವಲ್ಪ ಹೊತ್ತು ಯೋಚಿಸಿದ. ದೀಪದ ಹತ್ತಿರ ಅಪಾಯ ಎಂದು ಟ್ಯಾಂಕಿನ ಪೆಟ್ರೋಲನ್ನು ಬಸಿದ. ಆಮೇಲೆ ಮಷಿನ್ನನ್ನು ಫಿಲ್ಟರ್ ಡಬ್ಬಿ ಇರುವ ಮಗ್ಗುಲಿಗೆ ಮಲಗಿಸಿ, ಬ್ಲೇಡಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದ. "ಈಗ ನೋಡ್ಲಿ ತಾಯಿ," ಎಂದು ಕೈಮುಗಿದ.

ಮಾರನೆಯ ದಿನ ವಿಜಯದಶಮಿ. ಅದರ ಮಾರನೆಯ ದಿನ ಆಯುಧ ಎತ್ತಲು ಒಳ್ಳೆಯದಲ್ಲ ಎಂದು ಅಕ್ಕಯಮ್ಮ ಕ್ಯಾಲೆಂಡರ್ ನೋಡಿ ಹೇಳಿದಳು. ಮಷಿನ್ ಹಾಗೇ ಮಲಗಿತ್ತು. ನಾಲ್ಕನೆಯ ದಿನ ನೆಲ ಒರೆಸುವಾಗ ಅದರ ಪಕ್ಕದಲ್ಲಿ ಅಂಗೈಯಗಲ ಎಣ್ಣೆ ಹರಡಿತ್ತು. "ದೀಪದ ಎಣ್ಣೆ ಚೆಲ್ಲೈತೆ, ಒರ್ಸೇ," ಎಂದಳು ಅಕ್ಕಯಮ್ಮ. ಚಂದ್ರಲೇಖಾ ಒರೆಸಿ ಬಟ್ಟೆಯನ್ನು ಮೂಸಿದಳು. ಎಳ್ಳೆಣ್ಣೆಯ ವಾಸನೆ ಇರಲಿಲ್ಲ.

ಅವತ್ತು ಚಿನ್ನಸ್ವಾಮಿ ಮಷಿನ್ನನ್ನು ಎತ್ತಿ ನಿಲ್ಲಿಸಿ, ಪೆಟ್ರೋಲ್ ಹಾಕಿ, ಹಗ್ಗ ಎಳೆದ. ಹಗ್ಗ ಒಂದು ಗೇಣು ಬಂದು ನಿಂತುಬಿಟ್ಟಿತು. ಕಾಲು ಊರಿ ಎಳೆದ. ಬರಲಿಲ್ಲ. ಚಿರಂಜೀವಿ ಬಂದು ಬ್ರೇಕಿನ ಲಿವರ್ ಒತ್ತಿ ಹಿಡಿದು, ಹಲ್ಲು ಕಚ್ಚಿ ಎಳೆದ. ಹಗ್ಗ ಅವನ ಕೈಯನ್ನೇ ಹಿಂದಕ್ಕೆ ಜಗ್ಗಿತು.

"ಪಿಸ್ಟನ್ ಜಾಮ್ ಆಗೈತೆ," ಎಂದ ಚಿರಂಜೀವಿ, ಬೆರಳಿಗೆ ಗಾಳಿ ಊದಿಕೊಳ್ಳುತ್ತಾ. "ನೀರು ಹೋಗಿ ಒಳಗೆ ತುಕ್ಕು ಹಿಡ್ದೈತೆ. ಫ್ಯಾಕ್ಟ್ರೀಲಿ ದಿನಾ ನೋಡ್ತೀನಲ್ಲ. ತೊಳ್ದಿದ್ ಯಾರು?"

ಅದೊಂದು ಮಾತು ಸಾಕಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕಯಮ್ಮ ಮುದ್ದೆಯನ್ನು ಸೊಸೆಯ ತಟ್ಟೆಗೆ ಹಾಕಲಿಲ್ಲ. ಪಾತ್ರೆಯನ್ನೇ ಅವಳ ಕಡೆಗೆ ನೂಕಿದಳು. "ತಿನ್ನು. ದುಡಿಯೋ ಮಷಿನ್ನ ಕೊಂದೆ, ಇನ್ನು ನಮ್ಮನ್ನೂ ತಿನ್ನು."

"ಅತ್ತೆ, ನಾನು ಕವರ್ ಕಟ್ಟೇ ತೊಳ್ದಿದ್ದು. ಒಂದು ಹನೀನೂ ಒಳಗೆ ಹೋಗಿಲ್ಲ."

"ಕವರ್ ಕಟ್ಟಿದ್ನ ಯಾರು ನೋಡಿದೋರು?"

ಸುಷ್ಮಾ ಚಂದ್ರಲೇಖಾಳ ಕಡೆ ನೋಡಿದಳು. ಚಂದ್ರಲೇಖಾ ಸಾರಿನಲ್ಲಿದ್ದ ಅವರೆಕಾಳನ್ನು ಬೆರಳಿನಿಂದ ಒಂದು ಪಕ್ಕಕ್ಕೆ ಸರಿಸಿದಳು.

"ಅವ್ಳ್ಯಾಕೆ ನೋಡ್ತೀಯಾ? ಅವ್ಳು ಮಾವಿನೆಲೆ ಪೋಣಿಸ್ತಿದ್ಲು," ಎಂದಳು ಅಕ್ಕಯಮ್ಮ.

ಚಿರಂಜೀವಿ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಕಾಡೊಳಗೆ ಆನೆ ಓಡಿಸ್ಕೊಂಡಿದ್ದೋಳಿಗೆ ಮಷಿನ್ ಅಂದ್ರೇನು ಗೊತ್ತಾಗ್ತದೆ ಬಿಡಮ್ಮ."

ಎರಡು ವರ್ಷದ ಹಿಂದೆ ಸುಷ್ಮಾ ಈ ಮನೆಗೆ ಕಾಲಿಡುವ ಮುಂಚೆ ಇಂಥ ಮಾತುಗಳೆಲ್ಲ ಚಂದ್ರಲೇಖಾಳ ಪಾಲಿಗಿದ್ದವು. ಹಾಲು ಉಕ್ಕಿದರೆ ಅವಳು, ಕುರಿ ಹಗ್ಗ ಬಿಚ್ಚಿಕೊಂಡರೆ ಅವಳು, ಸ್ಕೂಲಿನಲ್ಲಿ ಫೇಲಾದದ್ದಂತೂ ದಿನಕ್ಕೆರಡು ಸಲ. ಸೊಸೆ ಬಂದ ವಾರದಲ್ಲೇ ಆ ಮಾತುಗಳು ಜಾಗ ಬದಲಿಸಿದವು. ಚಂದ್ರಲೇಖಾ ಎರಡು ವರ್ಷದಿಂದ ನೆಮ್ಮದಿಯಾಗಿ ಉಣ್ಣುತ್ತಿದ್ದಳು.

ಆದರೂ ಅವತ್ತು ಸಂಜೆ ಅಪ್ಪ ಒಬ್ಬನೇ ಇದ್ದಾಗ ಅವಳು ಹತ್ತಿರ ಹೋಗಿ ನಿಂತಳು. "ಅಪ್ಪಾ, ಆಯಿಲ್ ಜಾಸ್ತಿ ಆಗಿತ್ತಲ್ಲ. ಮೂರು ದಿನ ಆ ಮಗ್ಗುಲಿಗೆ ಮಲಗಿಸಿದ್ಕೇ ಏನಾದ್ರೂ..."

ಚಿನ್ನಸ್ವಾಮಿ ಕುಡಿಯುತ್ತಿದ್ದ ಟೀಯನ್ನು ಅವಳ ಕಾಲಿನ ಮೇಲೆ ಚೆಲ್ಲಿದ. ಅಷ್ಟೇನೂ ಬಿಸಿ ಇರಲಿಲ್ಲ. "ಒಂಬತ್ತು ದಾಟದೋಳು ನಂಗೆ ಇಂಜಿನ್ ಯೋಳ್ಕೊಡ್ತೀಯಾ? ಪೂಜೆ ಮಾಡಿದ್ಕೆ ಕೆಟ್ಟೋಯ್ತು ಅಂತೀಯಾ? ದೇವ್ರ ಮುಂದೆ ಇಟ್ಟಿದ್ ತಪ್ಪಾ?"

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನದಿಂದ ಸುಷ್ಮಾಳ ಕೈಗೆ ಕುಡುಗೋಲು ಬಂತು. ಕೆಡಿಸಿದವಳೇ ಕತ್ತರಿಸಲಿ ಎಂಬುದು ಅಕ್ಕಯಮ್ಮನ ತೀರ್ಪು. ಬೆಳಿಗ್ಗೆ ಆರಕ್ಕೆ ಅಡುಗೆ ಮುಗಿಸಿ, ಏಳಕ್ಕೆ ಲೇಔಟಿಗೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು ಅವಳು ಹುಲ್ಲುಹಾಸನ್ನು ಹಿಡಿಹಿಡಿಯಾಗಿ ಕೊಯ್ಯುತ್ತಿದ್ದಳು. ಚಿನ್ನಸ್ವಾಮಿ ಗಿಡಗಳಿಗೆ ನೀರು ಬಿಡುತ್ತಾ ಆಗಾಗ "ಅಲ್ಲೊಂದಿಷ್ಟು ಬಿಟ್ಟೆ ನೋಡಮ್ಮ" ಎನ್ನುತ್ತಿದ್ದ. ನಾಲ್ಕನೆಯ ದಿನಕ್ಕೆ ಅವಳ ಬಲ ಅಂಗೈಯಲ್ಲಿ ಮೂರು ಗುಳ್ಳೆ ಎದ್ದವು. ಐದನೆಯ ದಿನ ಅಕ್ಕಯಮ್ಮ ಖಾರ ರುಬ್ಬುವ ಕೆಲಸ ಅವಳಿಗೇ ಇಟ್ಟಳು.

"ಮಿಕ್ಸಿ ಐತಲ್ಲಮ್ಮ," ಎಂದಳು ಚಂದ್ರಲೇಖಾ.

"ಮಿಕ್ಸೀನೂ ಕೆಡಿಸ್ಲಿ ಅಂತಾನಾ?"

ಸುಷ್ಮಾ ರುಬ್ಬಿದಳು. ಒಂದೇ ಒಂದು ಸಲ ಕೈ ಎತ್ತಿ ಗಾಳಿಗೆ ಹಿಡಿದು ಮತ್ತೆ ಗುಂಡು ಹಿಡಿದಳು. ಅವತ್ತಿನ ಸಾರನ್ನು ಎಲ್ಲರೂ ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು.

ಎರಡು ವಾರವಾದ ಮೇಲೆ ಲೇಔಟಿನ ಸೆಕ್ರೆಟರಿ ವಾಕಿಂಗಿನಿಂದ ನೇರವಾಗಿ ಬಂದು ಹುಲ್ಲುಹಾಸಿನ ಅಂಚಿನಲ್ಲಿ ನಿಂತ. "ಎನ್ನ ಚಿನ್ನಸಾಮಿ, ನಾಯ್ ಕಡಿಚ್ಚ ಮಾದಿರಿ ಇರುಕ್ಕು," ಎಂದ ತಮಿಳಿನಲ್ಲಿ. ಅಷ್ಟರಲ್ಲಿ ಒಂದು ನಾಯಿಯೂ ಅಲ್ಲೇ ಬಂದು ಕೂತದ್ದರಿಂದ, ನಾಯಿ ಕಚ್ಚಿದ ಹಾಗಿದೆ ಎಂಬ ಮಾತಿಗೆ ಅವನ ಜೊತೆಯವರು ನಕ್ಕರು. ತಿಂಗಳ ಕೊನೆಯೊಳಗೆ ಮಷಿನ್ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಅವರು ಹೊರಟುಹೋದರು. ಸುಷ್ಮಾ ಅಲ್ಲೇ ಕುಡುಗೋಲು ಹಿಡಿದು ಕೂತಿದ್ದಳು.

ಅವತ್ತು ಚಿರಂಜೀವಿ ಫ್ಯಾಕ್ಟರಿಯಲ್ಲಿ ಯಾರಿಗೋ ಮಷಿನ್ನಿನ ವಿಡಿಯೋ ತೋರಿಸಿಕೊಂಡು ಬಂದಿದ್ದ. "ಇಂಜಿನ್ನಿನ ಬೋರ್ ಹೋಗೈತಂತೆ. ಬಿಚ್ಚೋ ಖರ್ಚಿಗೆ ಹೊಸದೇ ಬತ್ತದಂತೆ."

"ಹೊಸದು ಎಲ್ಲಿಂದ ತರಾನ?" ಎಂದ ಚಿನ್ನಸ್ವಾಮಿ.

ಮೂವರೂ ಒಟ್ಟಿಗೆ ಅಡುಗೆಮನೆಯ ಕಡೆ ನೋಡಿದರು.

"ಅವ್ರಪ್ಪನ ಹತ್ರ ಹಸ ಐತಲ್ಲ," ಎಂದಳು ಅಕ್ಕಯಮ್ಮ. "ಮದ್ವೇಲಿ ಏನು ಕೊಟ್ರು? ಒಂದು ಬೀರು. ಅದ್ರ ಬಾಗ್ಲೂ ಸರ್ಯಾಗಿ ಹಾಕ್ಕಳಲ್ಲ."

ಮಾರನೆಯ ಬೆಳಿಗ್ಗೆ ಚಿರಂಜೀವಿ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಜವಳಗಿರಿಗೆ ಹೋಗಿ ಬಿಟ್ಟು ಬಂದ. ಹೊರಡುವಾಗ ಅಕ್ಕಯಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ಮಷಿನ್ ತಿರುಗೋ ತನಕ ನೀನು ಈ ಕಡೆ ತಿರುಗ್ಬ್ಯಾಡ. ಇದು ತಿರುಗ್ಬೇಕು, ಇಲ್ಲಾ ಹೊಸದು ಬರ್ಬೇಕು. ಎರಡೂ ಇಲ್ಲಾಂದ್ರೆ ಅಲ್ಲೇ ಇರು." ಸುಷ್ಮಾಳ ಚೀಲದಲ್ಲಿ ಎರಡು ಸೀರೆ ಮಾತ್ರ ಇದ್ದವು. ಉಳಿದದ್ದನ್ನು ಬೀರುವಿನಲ್ಲೇ ಬಿಡಲು ಹೇಳಿದ್ದರು. ಅವಳು ಚಂದ್ರಲೇಖಾಳನ್ನು ನೋಡಲಿಲ್ಲ.

ಸೊಸೆ ಹೋದ ಮೂರನೆಯ ದಿನ ಸಾರಿನಲ್ಲಿ ಉಪ್ಪು ಹೆಚ್ಚಾಯಿತು. ಮಾಡಿದವಳು ಚಂದ್ರಲೇಖಾ. ಚಿನ್ನಸ್ವಾಮಿ ತಟ್ಟೆಯನ್ನು ನೂಕಿ ಎದ್ದ. "ಇದ್ನ ಯಾರ ಮನೆಗೆ ಕೊಡೋದು ಅಂತ," ಎಂದಳು ಅಕ್ಕಯಮ್ಮ. "ಓದ್ಲಿಲ್ಲ, ಬರೀಲಿಲ್ಲ, ಸಾರೂ ಬರಲ್ಲ. ಬಾಯಿ ಐತಾ ಅಂದ್ರೆ ಅದೂ ಇಲ್ಲ." ಚಂದ್ರಲೇಖಾ ಉಪ್ಪು ಸಾರನ್ನು ಒಬ್ಬಳೇ ಕೂತು ಮುಗಿಸಿದಳು. ಆಮೇಲೆ ಕುರಿಗೆ ನೀರು ಕುಡಿಸಲು ಹೋದವಳು ಮಷಿನ್ನಿನ ಮುಂದೆ ಬಹಳ ಹೊತ್ತು ನಿಂತಳು.

ಹಾಲಿನ ಬೂತಿನ ಪಕ್ಕ ಮೊಪೆಡ್ ರಿಪೇರಿ ಮಾಡುವ ಶ್ಯಾಮಣ್ಣನ ಅಂಗಡಿ. ಅವಳು ಬೆಳಿಗ್ಗೆ ಹಾಲಿಗೆ ಹೋದಾಗ ಎರಡು ದಿನ ಸುಮ್ಮನೆ ಅಂಗಡಿಯ ಮುಂದೆ ನಿಂತು ಬಂದಳು. ಮೂರನೆಯ ದಿನ ಶ್ಯಾಮಣ್ಣನೇ ಕೇಳಿದ: "ಏನಮ್ಮಣ್ಣಿ, ಏನ್ ಬೇಕು?"

ಅವಳು ನೆಲ ನೋಡುತ್ತಾ ಹೇಳಿದಳು. ಆಯಿಲ್ ಕತ್ತಿನ ತನಕ, ಫಿಲ್ಟರ್ ಕೆಳಗಾಗಿ ಮೂರು ದಿನ, ಹಗ್ಗ ಗೇಣು ಬಂದು ನಿಲ್ಲುವುದು.

ಶ್ಯಾಮಣ್ಣ ಕೈ ಒರೆಸಿಕೊಂಡ. "ಪ್ಲಗ್ ಬಿಚ್ಚಿ ನೋಡಿದ್ರಾ?"

"ಇಲ್ಲ."

"ಬಿಚ್ದೇನೇ ಪಿಸ್ಟನ್ ಹೋಯ್ತು ಅಂದೋನು ಯಾವನು?" ಅವನು ನಕ್ಕ. "ಕೇಳ್ಸ್ಕೋ. ಮೊದ್ಲು ಪ್ಲಗ್ಗಿನ ಟೋಪಿ ತೆಗಿ, ಇಲ್ದಿದ್ರೆ ಬ್ಲೇಡು ತಿರುಗಿ ಕೈ ಹೋದಾತು. ಫಿಲ್ಟರ್ ಮ್ಯಾಕೆ ಬರೋ ಹಂಗೆ ವಾಲಿಸಿ, ಬ್ಲೇಡಿಗೆ ಹುಲ್ಲು ಗಿಲ್ಲು, ದಾರ ಗೀರ ಸುತ್ಕೊಂಡೈತಾ ನೋಡು. ಇಲ್ಲಾಂದ್ರೆ ಒಂದು ಕಟ್ಟಿಗೇಲಿ ಬ್ಲೇಡ್ನ ನೂಕು. ಒಂಚೂರೂ ಅಲ್ಲಾಡದಿದ್ರೆ ಬಾಳಾ ಕೆಟ್ಟದ್ದು. ಆ ಕಡೆ ಈ ಕಡೆ ಒಂದಿಷ್ಟು ಹೋಗಿ, ಮೆತ್ತಗೆ ನಿಂತ್ರೆ ಒಳಗೆ ಏನೋ ತುಂಬ್ಕೊಂಡೈತೆ. ಗಾಳಿ ಒತ್ತಿದ್ರೆ ಕುಗ್ತದೆ, ಆಯಿಲ್ ಕುಗ್ಗಲ್ಲ. ಪ್ಲಗ್ ಬಿಚ್ಚಿ ಹಗ್ಗ ಎಳಿ. ಕಕ್ತದೆ."

ಪ್ಲಗ್ ಬಿಚ್ಚುವ ಸ್ಪ್ಯಾನರನ್ನು ಅವನು ಒಂದು ವಾರದ ಮಟ್ಟಿಗೆ ಕೊಟ್ಟ. ಅವಳು ಅದನ್ನು ಹಾಲಿನ ಕ್ಯಾನಿನ ಕೆಳಗೆ ಸೆರಗಿನಲ್ಲಿ ಸುತ್ತಿ ತಂದಳು.

ಆ ಬುಧವಾರ ಅಪ್ಪ ಲೇಔಟಿಗೆ, ಅಮ್ಮ ರೇಷನ್ನಿಗೆ, ಅಣ್ಣ ಮೊದಲನೇ ಶಿಫ್ಟಿಗೆ ಹೋಗಿದ್ದರು. ಚಂದ್ರಲೇಖಾ ಬಾಗಿಲಿಗೆ ಚಿಲಕ ಹಾಕಿ ಹಿತ್ತಲಿಗೆ ಬಂದಳು. ಶ್ಯಾಮಣ್ಣ ಹೇಳಿದ ಹಾಗೆ ಮೊದಲು ಪ್ಲಗ್ಗಿನ ಟೋಪಿ ಕಿತ್ತಳು. ಫಿಲ್ಟರ್ ಮೇಲೆ ಬರುವಂತೆ ವಾಲಿಸಿ ಇಟ್ಟಿಗೆ ಕೊಟ್ಟಳು. ಬ್ಲೇಡಿನ ಬುಡದಲ್ಲಿ ಒಣಗಿದ ಚೆಂಡು ಹೂವಿನ ದಾರ ಸುತ್ತಿಕೊಂಡಿತ್ತು. ಅದನ್ನು ಕತ್ತರಿಸಿ ತೆಗೆದಳು. ಆದರೂ ತಿರುಗಲಿಲ್ಲ. ಬ್ರೇಕಿನ ಲಿವರನ್ನು ಹಿಡಿಗೆ ಬಟ್ಟೆಯಿಂದ ಬಿಗಿದು ಕಟ್ಟಿ, ಕಟ್ಟಿಗೆಯಿಂದ ಬ್ಲೇಡನ್ನು ನೂಕಿದಳು. ಅದು ಒಂದು ಕಡೆಗೆ ಸ್ವಲ್ಪ ಹೋಯಿತು, ಮೆತ್ತಗೆ ನಿಂತಿತು. ಇನ್ನೊಂದು ಕಡೆಗೂ ಅಷ್ಟೇ.

ಮಷಿನ್ನನ್ನು ನೆಟ್ಟಗೆ ನಿಲ್ಲಿಸಿ ಪ್ಲಗ್ ಬಿಚ್ಚಿದಳು. ತೂತಿನಿಂದ ಜೇನಿನ ಬಣ್ಣದ ಆಯಿಲ್ ದಾರವಾಗಿ ಇಳಿಯಿತು. ಅವಳು ಪಕ್ಕಕ್ಕೆ ನಿಂತು ಹಗ್ಗ ಎಳೆದಳು. ಆಯಿಲ್ ಚಿಮ್ಮಿ ಎದುರಿನ ಗೋಡೆಗೆ ಬಡಿಯಿತು. ಎರಡನೆಯ ಸಲ ಅರ್ಧ, ಮೂರನೆಯ ಸಲ ಹನಿ, ಐದನೆಯ ಸಲ ಬರೀ ಉಸಿರು. ಹಗ್ಗ ಪೂರ್ತಿ ಬಂತು. ಬ್ಲೇಡು ಸಲೀಸಾಗಿ ಸುತ್ತಿತು. ಒಳಗೆ ನೀರಿನ ಒಂದು ಹನಿಯೂ ಇರಲಿಲ್ಲ, ತುಕ್ಕಿನ ಬಣ್ಣವೂ ಇರಲಿಲ್ಲ.

ಉಳಿದದ್ದು ಮನೆಗೆಲಸದಂಥ ಕೆಲಸ. ಹೆಚ್ಚಿನ ಆಯಿಲನ್ನು ಕಡ್ಡಿಯ ಗೆರೆಗೆ ಬರುವ ತನಕ ಬಸಿದಳು. ಎಣ್ಣೆ ಕುಡಿದು ಒದ್ದೆಯಾಗಿದ್ದ ಫಿಲ್ಟರಿನ ಸ್ಪಂಜನ್ನು ಸೋಪಿನಲ್ಲಿ ಹಿಂಡಿ ಬಿಸಿಲಿಗೆ ಹಾಕಿದಳು. ಪ್ಲಗ್ ಒರೆಸಿ ಬಿಗಿದಳು. ಎರಡು ಗಂಟೆ ಹೊತ್ತಿಗೆ ಸ್ಪಂಜು ಒಣಗಿತು. ಟೋಪಿ ಹಾಕಿ, ಲಿವರಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿ ಮಾಡಿ, ಎಳೆದಳು. ಮೂರನೆಯ ಎಳೆತಕ್ಕೆ ಮಷಿನ್ ಕೆಮ್ಮಿತು. ನಾಲ್ಕನೆಯದಕ್ಕೆ ಬಿಳಿ ಹೊಗೆ ಹಿತ್ತಲನ್ನೆಲ್ಲಾ ತುಂಬಿತು. ಕುರಿಗಳು ಹಗ್ಗ ಎಳೆದಾಡಿದವು. ಮೆಲ್ಲಗೆ ಹೊಗೆ ತಿಳಿಯಾಗಿ ಸದ್ದು ಒಂದೇ ಸಮನಾಯಿತು. ಚಂದ್ರಲೇಖಾ ನಗುತ್ತಿದ್ದಳು. ಅತ್ತಿಗೆಗೆ ಫೋನ್ ಮಾಡಬೇಕು ಎಂದುಕೊಂಡಳು. ಅವಳ ಹತ್ತಿರ ಫೋನಿರಲಿಲ್ಲ.

ಬಾಗಿಲು ದಬದಬ ಬಡಿಯುವ ಸದ್ದು ಕೇಳಿತು. ಶಿಫ್ಟ್ ಮುಗಿಸಿ ಬಂದ ಚಿರಂಜೀವಿ ಚಿಲಕ ತೆಗೆಸಿಕೊಂಡು ನೇರವಾಗಿ ಹಿತ್ತಲಿಗೆ ಬಂದ. ಮಷಿನ್ ನೋಡಿದ. ಗೋಡೆಯ ಮೇಲಿನ ಆಯಿಲ್ ನೋಡಿದ.

"ಆಫ್ ಮಾಡು."

"ಅಣ್ಣಾ, ನೀರಲ್ಲ ಅದು. ಆಯಿಲ್..."

"ಆಫ್ ಮಾಡೇ ಅಂದೆ."

ಅವಳು ಲಿವರಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಸದ್ದು ನಿಂತಿತು.

"ಯಾರಾದ್ರೂ ಕೇಳ್ಸ್ಕೊಂಡ್ರಾ? ಪಕ್ಕದ ಮನೆಯೋರು?"

"ಗೊತ್ತಿಲ್ಲ."

"ನಮ್ ಮಾವ ಮಧ್ಯಾಹ್ನ ಫೋನ್ ಮಾಡಿದ್ರು. ಹಸ ಕೊಟ್ಬುಟ್ರಂತೆ. ಶುಕ್ರವಾರ ಹೊಸ ಮಷಿನ್ ತಗೊಂಡು, ಅವ್ಳ್ನೂ ಕರ್ಕೊಂಡು ಬತ್ತಾರಂತೆ."

"ಬ್ಯಾಡ ಅಂತ ಯೋಳಣ್ಣ. ಇನ್ನೂ ಮಷಿನ್ ತಂದಿಲ್ವಲ್ಲ. ಹಸ ವಾಪಸ್ ಬಿಡಿಸ್ಕೋಬೋದು."

ಚಿರಂಜೀವಿ ಅವಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. "ಬರೋದ್ನ ಯಾಕೆ ಬ್ಯಾಡ ಅಂತೀಯಾ?"

ಸಂಜೆ ಊಟಕ್ಕೆ ಮುಂಚೆಯೇ ಮಾತು ಮುಗಿದುಹೋಯಿತು. ಅಕ್ಕಯಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಹೇಳಿದಳು: "ಎರಡು ಮಷಿನ್ ಆದ್ರೆ ಪಕ್ಕದ ಲೇಔಟ್ನೂ ಹಿಡೀಬೋದು. ಒಂದು ಇವ್ಳು ತಳ್ಳಿದ್ರೆ ಇನ್ನೊಂದು ಅವ್ಳು ತಳ್ತಾಳೆ."

"ಅಮ್ಮಾ, ಅತ್ತಿಗೆ ಕೆಡಿಸಿಲ್ಲ. ಕವರ್ ಕಟ್ಟಿದ್ನ ನಾನು ನೋಡ್ದೆ. ಅಪ್ಪ ಆಯಿಲ್ ಜಾಸ್ತಿ ಹಾಕಿ ಮಲಗಿಸಿದ್ಕೆ..."

ಚಿನ್ನಸ್ವಾಮಿ ಬೀಡಿ ಆರಿಸಿ ಎದ್ದು ಬಂದ. ಹೊಡೆಯಲಿಲ್ಲ. ಬಹಳ ನಿಧಾನವಾಗಿ ಕೇಳಿದ: "ಯಾರು ಮಲಗಿಸಿದ್ರು ಅಂತ ನಿನ್ನ ಕೇಳಿದ್ರಾ?"

"ಇಲ್ಲ."

"ಹದಿನೈದು ದಿನ ಅವ್ಳು ಕುಡುಗೋಲು ಹಿಡ್ದಾಗ ಯೋಳಿದ್ಯಾ?"

ಚಂದ್ರಲೇಖಾ ತಲೆ ಬಗ್ಗಿಸಿದಳು.

"ಅವ್ಳು ಹೋಗಿ, ಕೆಲಸ ನಿನ್ನ ತಲೆ ಮ್ಯಾಕೆ ಬಂದ ಮ್ಯಾಲೆ ನಿಂಗೆ ನ್ಯಾಯ ನೆಪ್ಪಾಯ್ತು," ಎಂದ ಚಿನ್ನಸ್ವಾಮಿ. "ಹೋಗು. ಆಯಿಲ್ ವಾಪಸ್ ಹಾಕು. ಹೆಂಗಿತ್ತೋ ಹಂಗೆ ಮಲಗಿಸು. ಬೀಗ್ರು ಬಂದು ಹೋಗ್ಲಿ, ಆಮ್ಯಾಕೆ ಹತ್ತು ನಿಮಿಷದ ಕೆಲ್ಸ ಅಲ್ವಾ?"

ಅವಳು ಬಸಿದಿಟ್ಟಿದ್ದ ಆಯಿಲನ್ನು ಮತ್ತೆ ಸುರಿದಳು. ಮಷಿನ್ನಿನ ಹಿಡಿ ಹಿಡಿದು ಫಿಲ್ಟರ್ ಮೇಲಾಗುವಂತೆ ವಾಲಿಸತೊಡಗಿದಳು.

"ಆ ಕಡೆ ಅಲ್ಲ," ಎಂದ ಹಿಂದೆ ನಿಂತಿದ್ದ ಚಿರಂಜೀವಿ. "ಈ ಕಡೆ. ನೀನೇ ಯೋಳಿದ್ಯಲ್ಲ."

ಅವಳು ಈ ಕಡೆಗೆ ಮಲಗಿಸಿದಳು. ಗುರುವಾರವೆಲ್ಲಾ ಅದು ಹಾಗೇ ಇತ್ತು. ಶುಕ್ರವಾರ ಬೆಳಿಗ್ಗೆ ಚಿರಂಜೀವಿ ಎತ್ತಿ ನಿಲ್ಲಿಸಿ ಹಗ್ಗ ಜಗ್ಗಿ ನೋಡಿ, ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡು ಹಲ್ಲುಜ್ಜಲು ಹೋದ.

ಸುಷ್ಮಾಳ ಅಪ್ಪ ಕೊಂಡಪ್ಪ ಹನ್ನೊಂದು ಗಂಟೆಗೆ ಲಗೇಜ್ ಆಟೋದಲ್ಲಿ ಬಂದ. ಹಿಂದೆ ಕೆಂಪು ಬಣ್ಣದ ಹೊಸ ಮಷಿನ್, ಅದು ಅಲ್ಲಾಡದ ಹಾಗೆ ಒಂದು ಕೈ ಮೇಲಿಟ್ಟುಕೊಂಡು ಕೂತ ಸುಷ್ಮಾ. ಕೊಂಡಪ್ಪ ಒಗೆದ ಬಿಳಿ ಅಂಗಿ ಹಾಕಿದ್ದ. ಒಂದು ಚೀಲ ಹುಣಸೆಹಣ್ಣು, ಒಂದು ಕುಂಬಳಕಾಯಿ ತಂದಿದ್ದ.

"ಇದೆಲ್ಲಾ ಯಾಕ್ ಬೀಗ್ರೆ," ಎಂದಳು ಅಕ್ಕಯಮ್ಮ, ಹುಣಸೆಹಣ್ಣನ್ನು ಒಳಗಿಡುತ್ತಾ.

ಕೋಳಿ ಸಾರು ಮಾಡಿದ್ದರು. ಕೊಂಡಪ್ಪ ಮುದ್ದೆ ಮುರಿಯುತ್ತಾ ಆನೆಗಳ ವಿಷಯ ಹೇಳಿದ: ಈ ಸಲ ರಾಗಿ ತೆನೆಗೆ ಬರುವ ಮುಂಚೆಯೇ ಬಂದಿದ್ದವು. ಹಸುವಿನ ಮಾತನ್ನು ಯಾರೂ ಎತ್ತಲಿಲ್ಲ. ಅವನೇ ಒಂದು ಸಲ, "ಕರೂನೂ ಜೊತೆಗೇ ಕೊಟ್ಬುಟ್ಟೆ. ಅದೊಂದೇ ಏನು ಮಾಡ್ತದೆ ಮನೇಲಿ," ಎಂದ. ಚಂದ್ರಲೇಖಾ ಮಜ್ಜಿಗೆ ಬಡಿಸಿದಳು.

ಊಟವಾದ ಮೇಲೆ ಅವನು ಕೈ ಒರೆಸಿಕೊಂಡು ಹಿತ್ತಲಿಗೆ ಬಂದ. "ಹಳೇದೆಲ್ಲೈತೆ? ಒಂದ್ಸಲ ನೋಡ್ಬೋದಾ?"

"ನೋಡಿ ಬೀಗ್ರೆ, ಅದಕ್ಕೇನು," ಎಂದ ಚಿನ್ನಸ್ವಾಮಿ. "ಚಂದ್ರಾ, ಲಿವರ್ ಹಿಡ್ಕೋ."

ಚಂದ್ರಲೇಖಾ ಲಿವರ್ ಒತ್ತಿ ಹಿಡಿದಳು. ಕೊಂಡಪ್ಪ ಹಗ್ಗ ಎಳೆದ. ಅದು ಗೇಣು ಬಂದು ಅವನ ಭುಜವನ್ನು ಜಗ್ಗಿತು. ಇನ್ನೊಂದು ಸಲ ಎಳೆದು ಭುಜ ಹಿಡಿದುಕೊಂಡ. ಗೋಡೆಯ ಮೇಲೆ ಆಯಿಲಿನ ಕಲೆ ಇದ್ದ ಜಾಗಕ್ಕೆ ಅಕ್ಕಯಮ್ಮ ಆಗಲೇ ಗೋಣಿಚೀಲ ಒಣಗಹಾಕಿದ್ದಳು.

ಕೊಂಡಪ್ಪ ಮಗಳ ಕಡೆ ತಿರುಗಿದ. "ನೀರು ಹಾಕೋವಾಗ ಕಣ್ಣು ಎಲ್ಲಿತ್ತವ್ವಾ ನಿಂಗೆ? ಕವರ್ ಕಟ್ಟಿದ್ದೆ ಕಟ್ಟಿದ್ದೆ ಅಂತ ಬಂದಾಗಿಂದ ನನ್ನ ಹತ್ರಾನೂ ಸುಳ್ಳು ಯೋಳ್ದಲ್ಲ. ಕಣ್ಣಾರೆ ಕಾಣ್ತೈತಲ್ಲ."

ಸುಷ್ಮಾ ಹಳೆಯ ಮಷಿನ್ನನ್ನು ನೋಡಿದಳು. ಕವರ್ ತಾನು ಕಟ್ಟಿದ್ದೆನೋ ಇಲ್ಲವೋ ಎಂದು ಅವಳಿಗೇ ಅನುಮಾನ ಬಂದ ಹಾಗಿತ್ತು.

"ಹೋಗ್ಲಿ ಬಿಡಿ ಬೀಗ್ರೆ," ಎಂದಳು ಅಕ್ಕಯಮ್ಮ. "ಹುಡುಗ್ ಬುದ್ಧಿ. ನಾವೇನು ಮನಸ್ಸಿಗೆ ಹಾಕ್ಕೊಂಡಿಲ್ಲ."

ಕೊಂಡಪ್ಪ ಇಬ್ಬರಿಗೂ ಕೈಮುಗಿದ. "ನೀವು ದೊಡ್ಡೋರು," ಎಂದ. ಮೂರು ಗಂಟೆಯ ಬಸ್ಸಿಗೆ ಹೊರಟುಹೋದ.

ಶನಿವಾರ, ಭಾನುವಾರ ಹೊಸ ಮಷಿನ್ನಿಗೆ ನಿಂಬೆಹಣ್ಣು ಕಟ್ಟಿ, ಲೇಔಟಿನಲ್ಲಿ ಓಡಿಸಿ ತೋರಿಸಿದ್ದಾಯಿತು. ಸೆಕ್ರೆಟರಿ ತಲೆ ಆಡಿಸಿದ. ಪಕ್ಕದ ಲೇಔಟಿನವರೂ ಬಂದು ನೋಡಲು ಹೇಳಿದರು. ಸೋಮವಾರ ಬೆಳಿಗ್ಗೆ ಚಿನ್ನಸ್ವಾಮಿ ನಡುಮನೆಯಲ್ಲಿ ಟೀ ಕುಡಿಯುತ್ತಾ ಕೂಗಿದ: "ಚಂದ್ರಾ, ಹಳೇದ್ನ ರೆಡಿ ಮಾಡು. ಇಬ್ರೂ ಹೊರಡಿ."

ಸುಷ್ಮಾ ಹಿತ್ತಲಿನ ಕಲ್ಲಿನ ಮೇಲೆ ಪಾತ್ರೆ ಬೆಳಗುತ್ತಿದ್ದಳು. ಹಳೆಯದನ್ನು ರೆಡಿ ಮಾಡುವುದೆಂದರೆ ಏನೆಂದು ಅರ್ಥವಾಗದೆ ತಲೆ ಎತ್ತಿದಳು. ಚಂದ್ರಲೇಖಾ ಅವಳಿಗೆ ಬೆನ್ನು ಹಾಕಿ ಕೂತು ಟೋಪಿ ಕಿತ್ತಳು, ಪ್ಲಗ್ ಬಿಚ್ಚಿದಳು, ಎದ್ದು ಹಗ್ಗ ಎಳೆದಳು. ಆಯಿಲ್ ಚಿಮ್ಮಿತು. ಮತ್ತೆ ಎಳೆದಳು, ಮತ್ತೆ. ಹಗ್ಗ ಪೂರ್ತಿ ಬಂತು. ಕಡ್ಡಿಯ ಗೆರೆಗೆ ಬರುವ ತನಕ ಆಯಿಲ್ ಬಸಿಯುವಾಗ ಹಿಂದೆ ಪಾತ್ರೆಯ ಸದ್ದು ನಿಂತಿರುವುದು ಅವಳಿಗೆ ಗೊತ್ತಾಯಿತು.

ಸುಷ್ಮಾ ಬೂದಿ ಹತ್ತಿದ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತಳು. ಆಯಿಲಿಗೆ ಬೆರಳು ಅದ್ದಿ ನೋಡಿದಳು.

"ನೀರಿಲ್ಲ," ಎಂದಳು.

"ಇಲ್ಲ ಅತ್ತಿಗೆ."

"ಕವರ್ ಕಟ್ಟಿದ್ದೆ ಅಲ್ವಾ ನಾನು?"

"ಕಟ್ಟಿದ್ರಿ. ದಾರಾನೂ ಬಿಗ್ದಿದ್ರಿ."

ಸುಷ್ಮಾ ಆಯಿಲ್ ಹತ್ತಿದ ಬೆರಳನ್ನು ಬೆಳಕಿಗೆ ಹಿಡಿದಳು. "ಯಾವತ್ತಿಂದ ಗೊತ್ತಿತ್ತು?"

"ಅನುಮಾನ ಮೊದ್ಲಿಂದ್ಲೂ ಇತ್ತು. ಬಿಚ್ಚಿ ನೋಡಿದ್ದು ಬುಧವಾರ."

"ಶುಕ್ರವಾರ ನಮ್ಮಪ್ಪ ಎಳ್ದಾಗ ಯಾಕ್ ಬರ್ಲಿಲ್ಲ?"

ಚಂದ್ರಲೇಖಾ ಪ್ಲಗ್ಗನ್ನು ಚಿಂದಿಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಮತ್ತೆ ಮಲಗಿಸಿದ್ವಿ," ಎಂದಳು.

"ಯಾರು?"

"ನಾನೇ."

ಚಂದ್ರಲೇಖಾ ಏಟಿಗೆ ಕಾದವಳಂತೆ ಕುತ್ತಿಗೆ ಬಗ್ಗಿಸಿದಳು. ಏಟು ಬೀಳಲಿಲ್ಲ. ಸುಷ್ಮಾ ಆಯಿಲಿನ ಬೆರಳನ್ನು ಸೀರೆಯ ಅಂಚಿಗೆ ಉಜ್ಜುತ್ತಿದ್ದಳು, ಹೋಗದಿದ್ದರೂ ಉಜ್ಜುತ್ತಿದ್ದಳು.

"ನಾನು ನಿಮ್ಮಪ್ಪಂಗೆ ಯೋಳ್ತೀನಿ ಅತ್ತಿಗೆ," ಎಂದಳು ಚಂದ್ರಲೇಖಾ. "ಜವಳಗಿರಿಗೆ ಬಂದು ನಾನೇ ಯೋಳ್ತೀನಿ. ಬಸ್ಸಿಗೆ ಹೋಗಿ..."

"ಯೋಳ್ಬ್ಯಾಡ."

"ಇಲ್ಲ ಅತ್ತಿಗೆ, ನಿಜವಾಗ್ಲೂ..."

"ಯೋಳ್ಬ್ಯಾಡ ಅಂದ್ನಲ್ಲ." ಸುಷ್ಮಾಳ ದನಿ ಏರಲಿಲ್ಲ. "ಮಗಳು ತಪ್ಪು ಮಾಡಿದ್ಲು, ತೀರಿಸ್ದೆ ಅನ್ಕೊಂಡು ಅವ್ರು ಹೋದ್ರು. ಸುಮ್ಸುಮ್ಕೆ ಹೋಯ್ತು ಹಸ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ ಅವ್ರು. ನಾನೇ ಕೆಡಿಸಿದ್ದು ಅಂತ್ಲೇ ಇರ್ಲಿ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆಯಲ್ಲ, ಇನ್ನೂ ಮುಚ್ಕೊಂಡಿರು."

ಅವಳು ಎದ್ದು ಹೋಗಿ ಉಳಿದ ಎರಡು ಪಾತ್ರೆ ತೊಳೆದು ಬೋರಲು ಹಾಕಿದಳು. ಕೈ ತೊಳೆದುಕೊಂಡು ಬಂದು, ಚಂದ್ರಲೇಖಾ ಪ್ಲಗ್ ಬಿಗಿದು ಟೋಪಿ ಹಾಕುವ ತನಕ ಕಾದು, ಹಿಡಿಯನ್ನು ಅವಳ ಕೈಯಿಂದ ತಾನು ತೆಗೆದುಕೊಂಡಳು. ಲಿವರ್ ಒತ್ತಿ ಹಗ್ಗ ಎಳೆದಳು. ಬಿಳಿ ಹೊಗೆ ಇಬ್ಬರ ನಡುವೆ ಎದ್ದಿತು.

"ಏನೇ ಅಲ್ಲಿ, ಆಯ್ತಾ ಇಲ್ವಾ?" ಎಂದು ಒಳಗಿನಿಂದ ಚಿನ್ನಸ್ವಾಮಿ ಕೂಗಿದ.

ಉತ್ತರ ಕೊಟ್ಟವಳು ಸುಷ್ಮಾ.

"ಆಯ್ತು ಮಾವ. ತಿರುಗ್ತೈತೆ."